ಈರಪ್ಪ ಮೇಸ್ತ್ರಿಯ ಹೆಬ್ಬೆಟ್ಟು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಕಟ್ಟುಕಥೆ ಹೇಳುವುದಾಗಿದ್ದರೆ, ಅದರಲ್ಲಿ ನನ್ನನ್ನೇ ಕಳ್ಳನನ್ನಾಗಿ ಯಾಕೆ ಮಾಡಿಕೊಳ್ಳಲಿ? ಸಾಕ್ಷಿ ನನ್ನ ಬಲಗೈಯಲ್ಲೇ ಇದೆ.

ಬೆಟಗೇರಿಯಲ್ಲಿ ತಂಬೂರಿ ರಿಪೇರಿ ನನ್ನ ಕಸುಬು. ಎಷ್ಟೇ ಹಳೆಯ ತಂಬೂರಿಯಾಗಲಿ, ಬುರುಡೆ ತಟ್ಟಿ ನೋಡಿ ಇದು ಇಂಥವರ ಕೈಯದ್ದು ಎಂದು ಹೇಳಿಬಿಡುತ್ತಿದ್ದೆ. ಅದನ್ನು ಕಲಿಸಿದವರು ಶಿರಹಟ್ಟಿಯ ಈರಪ್ಪ ಮೇಸ್ತ್ರಿ. ಆರು ವರ್ಷ ಅವರ ಮನೆಯಲ್ಲೇ ಉಂಡು ಕಲಿತೆ. ಕಡೆಗೊಂದು ದಿನ, ನಾನು ಕೆತ್ತಿದ ತಂಬೂರಿಯ ಉದ್ದನೆಯ ದಂಡಿಯನ್ನು ಹತ್ತು ಜನರೆದುರು ಮುರಿದು ಒಲೆಗೆ ಹಾಕಿದರು. "ಕೈ ತಗೀಲೇ! ಈ ಕಸಬು ನಿನಗ ಬರೂದಿಲ್ಲ" ಎಂದು ಹೊರಗಟ್ಟಿದರು. ಆ ಸಿಟ್ಟು ಹನ್ನೆರಡು ವರ್ಷ ಹೊಟ್ಟೆಯಲ್ಲಿ ಹಾಗೇ ಇತ್ತು. ಅವರು ಸತ್ತಾಗ ಮಣ್ಣಿಗೂ ಹೋಗಲಿಲ್ಲ ನಾನು.

ಸ್ವಾತಂತ್ರ್ಯ ಬಂದು ಸಂಸ್ಥಾನಗಳು ಒಂದೊಂದಾಗಿ ಕರಗುತ್ತಿದ್ದ ಕಾಲ. ಲಕ್ಷ್ಮೇಶ್ವರದ ಒಂದು ವಾಡೆಯವರು ತಮ್ಮ ಹಳೆಯ ತಂಬೂರಿಯನ್ನು ಗದಗಿನ ಸಂಗೀತ ಶಾಲೆಗೆ ಕೊಡುವವರಿದ್ದರು. ಮಾಡಿದವರ ಹೆಸರಿನ ಹಿತ್ತಾಳೆ ತಗಡು ಅದಕ್ಕೆ ಜಡಿಯಬೇಕಿತ್ತು; ಮಾಡಿದವರು ಯಾರೆಂದು ಹೇಳಲು ಕಾರಭಾರಿ ನನ್ನನ್ನು ಕರೆಸಿದ.

ತಟ್ಟಿದೆ. ಎಲ್ಲ ಕಡೆ ಗುಂಯ್ ಎನ್ನುವ ಬುರುಡೆ ಒಂದೇ ಒಂದು ಕಡೆ ಮಂದವಾಗಿ... ಡಬ್. ಯಾರ ಕೈಯದ್ದೆಂದು ಕೂಡಲೇ ಗೊತ್ತಾಯಿತು. ಈರಪ್ಪ ಮೇಸ್ತ್ರಿಗೆ ಅಕ್ಷರ ಬರುತ್ತಿರಲಿಲ್ಲ. ಮೇಲಿನ ಹಲಗೆ ಮುಚ್ಚುವ ಮೊದಲು ಬುರುಡೆಯೊಳಗೆ ಬಿಸಿ ಅರಗು ಬಿಟ್ಟು ಹೆಬ್ಬೆಟ್ಟು ಒತ್ತುತ್ತಿದ್ದರು. ಎಂದೋ ಉಳಿ ತಾಗಿ ಓರೆಯಾಗಿ ಸೀಳಿದ್ದ ಹೆಬ್ಬೆರಳು. ಆ ಓರೆ ಗೆರೆಯೇ ಅವರ ರುಜು.

"ಯಾರ ಕೈದ್ರಿ ಇದು?" ಕಾರಭಾರಿ ಕೇಳಿದ.

"ಮಿರಜದ್ದು" ಎಂದುಬಿಟ್ಟೆ. ತಂಬೂರಿಗೆ ಹೆಸರಾದ ಊರು ಅದು.

ತಗಡಿನ ಸುದ್ದಿ ಕೇಳಿ ಶಿರಹಟ್ಟಿಯಿಂದ ಬಂದು ಕಂಬದ ಹತ್ತಿರ ಕುಳಿತಿದ್ದ ಮುದುಕಿ ಎದ್ದು ಬಂದಳು. ಗಂಗವ್ವ, ಮೇಸ್ತ್ರಿಯ ಹೆಂಡತಿ. ಆರು ವರ್ಷ ನನಗೆ ರೊಟ್ಟಿ ಬಡಿದು ಹಾಕಿದವಳು.

"ಇನ್ನೊಮ್ಮೆ ನೋಡೋ ತಮ್ಮಾ. ಅವ್ರ ಹೆಸರು ಉಳಿಯಾಕ ಇದೊಂದ ಐತಿ. ಒಳಗ ಹೆಬ್ಬೆಟ್ಟು ಇರತೈತಿ."

"ಮನಿಗೆ ಒಯ್ದು ಬಿಚ್ಚಿ ನೋಡ್ರಿ," ಎಂದ ಕಾರಭಾರಿ. "ಗುರುತು ಇದ್ರ ಅವರ ಹೆಸರು. ಇಲ್ಲಂದ್ರ ಮಿರಜದ್ದು."

ಅಂದು ದೀಪ ಹಚ್ಚಿದ ಮೇಲೆ ಬಿಸಿನೀರಿನ ಬಟ್ಟೆ ಹಾಕಿ, ಅಂಟು ಸಡಿಲಿಸಿ, ಹಲಗೆ ಎಬ್ಬಿಸಿದೆ. ಕಂದೀಲು ಹಿಡಿದೆ. ಇತ್ತು... ಓರೆ ಗೆರೆಯ ಸಮೇತ. ಉಳಿಯಿಂದ ಪೂರ್ತಿ ಕೆರೆದು ಒಲೆಗೆ ಸುರಿದೆ. "ಈಗ ನಿಂದೂ ಒಲಿಗೆ ಹೋತು" ಎಂದೆ. ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ?

ಹಲಗೆ ಮತ್ತೆ ಕೂರಿಸಿ, ಅಂಚಿಗೆ ಅರಗು ಹಾಕಿ, ನನ್ನ ಹೆಬ್ಬೆರಳಿನಿಂದ ಒತ್ತಿದೆ. ಅಷ್ಟರಲ್ಲಿ ಪಕ್ಕದ ಮನೆಯ ಮಗ್ಗ ನಿಂತಿತು. ಓಣಿಯೆಲ್ಲ ಗಪ್‌ಚುಪ್.

ಡಬ್...

ತಂತಿ ಕಟ್ಟಿರಲಿಲ್ಲ. ಯಾರೂ ಮುಟ್ಟಿರಲಿಲ್ಲ.

ಡಬ್... ಡಬ್...

ಒಳಗಿನಿಂದ. ನಾನು ಕೆರೆದ ಜಾಗದಿಂದಲೇ. ಸುಟ್ಟ ಅರಗಿನ ವಾಸನೆ ಮನೆಯಲ್ಲೆಲ್ಲ ತುಂಬಿತ್ತು.

ಅಡುಗೆಮನೆಯಿಂದ ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದಳು. "ಯಾರ್ ಬಂದಾರ್ರೀ?"

"ಯಾರೂ ಇಲ್ಲ."

"ಯಾರೋ ವಯಸ್ಸಾದವರು 'ಕೈ ತಗೀಲೇ' ಅಂದ್ರಲ್ಲ..."

ಮೇಸ್ತ್ರಿಯನ್ನು ಅವಳು ನೋಡಿದವಳೇ ಅಲ್ಲ. ಅಂದಿನ ಅವಮಾನದ ಬಗ್ಗೆ ನಾಚಿಕೆಯಿಂದ ನಾನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಕಂದೀಲು ಹತ್ತಿರ ತಂದೆ. ಈಗಷ್ಟೇ ಒತ್ತಿದ ಅರಗಿನ ಮೇಲೆ ಓರೆ ಗೆರೆ! ನನ್ನ ಬೆರಳು ನೋಡಿಕೊಂಡೆ, ಎಲ್ಲೂ ಗಾಯವಿಲ್ಲ. ಕೆರೆದು ಮತ್ತೆ ಒತ್ತಿದೆ. ಮತ್ತೆ ಅದೇ ಗೆರೆ. ಮೂರನೆಯ ಸಲ ಬಿಸಿ ಅರಗು ಬೆರಳಿಗೆ ತಣ್ಣಗೆ ತಾಗಿತು. ಅದನ್ನೂ ಕೆರೆದು, ಬರೀ ಅಂಟಿನಿಂದ ಮುಚ್ಚಿಟ್ಟೆ.

ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಎರಡು ದಿನದ ಮೇಲೆ ವಾಡೆಗೆ ಹೋಗಿ, "ಒಳಗ ಏನೂ ಗುರುತಿಲ್ರಿ" ಎಂದೆ.

ಗಂಗವ್ವ ಅಳಲಿಲ್ಲ. ಹತ್ತಿರ ಬಂದು ನನ್ನ ಬಲಗೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳನ್ನು ಮೆಲ್ಲಗೆ ಸವರಿದಳು. ಬೆಳಿಗ್ಗೆ ಇರದಿದ್ದ ಗೆರೆ... ಓರೆಯಾಗಿ, ಎಷ್ಟೋ ವರ್ಷದ ಗಾಯ ಮಾಯ್ದ ಹಾಗೆ.

"ಇಲ್ಲೇ ಐತಲ್ಲೋ ತಮ್ಮಾ" ಎಂದಳು. ಅಷ್ಟೇ. ಸೆರಗು ಹೊದ್ದು ಹೊರಟುಹೋದಳು.

ತಂಬೂರಿಗೆ ಮಿರಜದ ತಗಡೇ ಬಿತ್ತು. ಮುಂದೆ ಗಂಗವ್ವ ತೀರಿಕೊಂಡ ಮೇಲೆ ತಡೆಯಲಾರದೆ ಶಾಲೆಗೆ ಹೋಗಿ ನಿಜ ಹೇಳಿದೆ. "ಗುರುತು ಎಲ್ಲೈತಿ ತೋರಸ್ರಿ" ಎಂದರು. ಹೆಬ್ಬೆರಳು ತೋರಿಸಿದೆ. ನಕ್ಕರು.

ಗಂಗವ್ವ ಕೈ ಹಿಡಿದ ಆ ದಿನದಿಂದ ನಾನು ಯಾವ ತಂಬೂರಿಗೆ ಅರಗು ಒತ್ತಿದರೂ ಮೂಡುವುದು ಅವರ ಹೆಬ್ಬೆಟ್ಟು. ಅದಕ್ಕೇ ಎಡಗೈಯಿಂದ ಒತ್ತುವ ರೂಢಿ ಮಾಡಿಕೊಂಡಿದ್ದೆ.

ಈ ವಾರದಿಂದ ಎಡಗೈ ಹೆಬ್ಬೆರಳು ಉರಿಯುತ್ತಿದೆ. ಓರೆಯಾಗಿ.