ಮೀಥೇನಿನ ಐದನೇ ಹೈಡ್ರೋಜನ್

ಕಾರ್ಬನ್ನಿಗೆ ನಾಲ್ಕೇ ಕೈ. ಇಪ್ಪತ್ತೆರಡು ವರ್ಷದಿಂದ ರಾಮದುರ್ಗದ ಪಿಯು ಮಕ್ಕಳಿಗೆ ನಾನು ಹೇಳಿಕೊಡುತ್ತಿರುವ ಕೆಮಿಸ್ಟ್ರಿ ಇದು. ವೇಲೆನ್ಸಿ ಎಂದರೆ ಮುಖ ಮುಖ ನೋಡುತ್ತಾರೆ. ಕೈ ಎಂದರೆ ತಟ್ಟನೆ ತಲೆಗೆ ಹೋಗುತ್ತದೆ. (ಈ ಜಾಣತನದ ಬಗ್ಗೆ ನನಗೆ ಸಣ್ಣ ಗರ್ವವೂ ಇತ್ತು.)

ಹೋದ ತಿಂಗಳ ಟೆಸ್ಟ್‌ನಲ್ಲಿ ಕಾರ್ಬನ್ನಿನ ನಾಲ್ಕು ಕೈಗೂ ಒಂದೊಂದು ಹೈಡ್ರೋಜನ್ ಇರುವ ಮೀಥೇನ್ ಬಗ್ಗೆ ಟಿಪ್ಪಣಿ ಕೇಳಿದ್ದೆ. ಸುರೇಬಾನದಿಂದ ಬರುವ ರೇಣುಕಾ ಎಲ್ಲ ಸರಿಯಾಗಿ ಬರೆದು, ಕೊನೆಗೊಂದು ಸಾಲು ಸೇರಿಸಿದ್ದಳು: ‘ಮೀಥೇನಿನ ಅಯಾನು ಇನ್ನೊಂದು ಮೀಥೇನಿಗೆ ಡಿಕ್ಕಿ ಹೊಡೆದರೆ, ಅದರ ಒಂದು ಹೈಡ್ರೋಜನ್ ಕಿತ್ತುಕೊಂಡು ಐದು ಹೈಡ್ರೋಜನ್ನಿನ ಅಯಾನು ಆಗುತ್ತದೆ.’

ಐದಾ? ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. ಅಷ್ಟಕ್ಕೇ ಸುಮ್ಮನಿರಬಾರದೇ? ಪೇಪರ್ ಕೊಡುವಾಗ, ‘ನಿಮ್ಮೂರ ಕಾರ್ಬನ್ನಿಗೆ ಐದ ಕೈ ಅದಾವೇನವಾ?’ ಎಂದುಬಿಟ್ಟೆ. ಕ್ಲಾಸು ಗೊಳ್ಳೆಂದಿತು. ಅವತ್ತಿನಿಂದ ಹುಡುಗಿಯ ಹೆಸರೇ ‘ಐದ್ ಕೈ’ ಆಯಿತು.

ರೇಣುಕಾ ಅಳಲಿಲ್ಲ. ಮರುದಿನ ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ಎಂ.ಎಸ್ಸಿ. ಓದುವ ಅಕ್ಕನ ನೋಟ್ಸ್.

‘ಸರ್, ನಂದ ತಪ್ಪಿದ್ರ ತೋರ್ಸ್ರಿ. ಇಲ್ಲಂದ್ರ, ಎಲ್ಲಾರ ಮುಂದ ಅಂದೀರಿ, ಎಲ್ಲಾರ ಮುಂದನ ಸರಿ ಐತಿ ಅನ್ರಿ.’

‘ನೋಡೋಣಂತ, ಹೋಗವಾ’ ಎಂದು ಸಾಗಹಾಕಿದೆ. ಮರುದಿನ ಮತ್ತೆ ಬಂದಳು. ಅದರ ಮರುದಿನವೂ.

ಕೊನೆಗೆ, ಯೂನಿವರ್ಸಿಟಿ ಲ್ಯಾಬಿನಲ್ಲಿರುವ ಗೆಳೆಯನಿಗೆ ಫೋನ್ ಹಚ್ಚಿದೆ. (ಅವಳದು ತಪ್ಪು ಎಂದು ಹೇಳಿಸಿಕೊಳ್ಳುವುದಕ್ಕೇ ಹಚ್ಚಿದ್ದೆ, ಸುಳ್ಳೇಕೆ ಹೇಳಲಿ?)

‘ಏ, ಅದು ಖರೇನ ಐತೋ!’ ಅವನು ನಕ್ಕ. ‘ಗಾಳಿ ತಗದ ಪೆಟ್ಟಿಗ್ಯಾಗ ಒಂಚೂರು ಮೀಥೇನ್ ಬಿಟ್ಟು ಎಲೆಕ್ಟ್ರಾನ್ ಬಡದ್ರ ದಿನಾ ಕಾಣತೈತಿ. ಬಾಟಲಿಯೊಳಗ ತುಂಬಿಡಾಕ ಬರೂದಿಲ್ಲ, ಅಷ್ಟ. ಆ ಐದೂ ಒಂದ ಕಡೆ ಕುಂಡ್ರೂದಿಲ್ಲ, ಜಾಗಾ ಬದಲಿ ಮಾಡಕೋತನ ಇರತಾವ. ನೀ ಕೈ ಎಣಿಸ್ಕೋತ ಕುಂತ್ರ ಹೆಂಗ ತಿಳೀತೈತಿ?’

ನಾಚಿಕೆಯಾಯಿತು. ವೇಲೆನ್ಸಿಯನ್ನು ಸುಲಭ ಮಾಡಲು ಹೋಗಿ ಕೈ ಎಂದವನು ನಾನು. ಹೇಳುತ್ತ ಹೇಳುತ್ತ ಅದನ್ನೇ ನಿಜವೆಂದು ನಂಬಿದವನೂ ನಾನೇ.

ಸೋಮವಾರ ಬೋರ್ಡಿನ ಮುಂದೆ ನಿಂತೆ. ‘ರೇಣುಕಾ ಬರದದ್ದು ಸರಿ ಐತಿ. ತಪ್ಪಿದ್ದು ನಾನು. ನಿಮ್ಮನ್ನ ನಗಿಸಿದ್ದೂ ತಪ್ಪು’ ಎಂದೆ.

ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, ‘ಹಂಗಾದ್ರ ಆ ಐದನೇದು ಎಲ್ಲಿ ಕುಂಡರತೈತ್ರಿ ಸರ್?’

ನಾನು ಚಾಕ್‌ಪೀಸನ್ನು ರೇಣುಕಾಳ ಕೈಗಿಟ್ಟೆ.

‘ನಮ್ಮ ಸುರೇಬಾನ ಬಸ್ಸಿನ್ಯಾಗ ಮೂರ ಮಂದಿ ಸೀಟಿಗೆ ನಾಲ್ಕನೇದಾಕಿ ಬಂದು ಸ್ವಲ್ಪ ಸರೀರಿ ಅಂದ್ರ ಏನ ಮಾಡ್ತೀರಿ?’ ಎಂದಳು ಅವಳು. ‘ಸರೀತೀರಿ. ಆಮ್ಯಾಲ ಊರು ಮುಟ್ಟೂತನಕ ಯಾರೂ ನೆಟ್ಟಗ ಕುಂಡ್ರೂದಿಲ್ಲ. ಇದೂ ಹಂಗ.’

ಮತ್ತೆ ನಗು. ಈ ಸಲ ಅವಳೂ ನಕ್ಕಳು. ಬೆಲ್ ಹೊಡೆದ ಮೇಲೆ ಪೇಪರ್ ತಂದು ಮುಂದೆ ಹಿಡಿದಳು. ಕೆಂಪು ಗೀಟಿನ ಪಕ್ಕ ‘ಸರಿ’ ಎಂದು ಬರೆದು ಸಹಿ ಮಾಡಿಕೊಟ್ಟೆ.

ಇವಳೇನೋ ಬಿಡದೆ ಮೂರು ದಿನ ಬಂದಳು. ಈ ಇಪ್ಪತ್ತೆರಡು ವರ್ಷದಲ್ಲಿ ಸರಿಯಾಗಿ ಬರೆದೂ ತಲೆ ತಗ್ಗಿಸಿ ಕುಳಿತುಬಿಟ್ಟವರು ಎಷ್ಟು ಜನವೋ?