ಒಂದು ದಿನ ಜಾಸ್ತಿ ಮುಚ್ಚಿದ ಕಣ್ಣು

ಹೋದ ವಾರ ನನಗೊಂದು ಹೊಸ ವೆಲ್ಡಿಂಗ್ ಹೆಲ್ಮೆಟ್ ಬಂತು. ಡಬ್ಬ ಬಿಚ್ಚಿ ತಲೆಗೆ ಹಾಕಿಕೊಂಡರೆ ಒಳಗೆಲ್ಲ ಹೊಸ ಸ್ಪಂಜಿನ ವಾಸನೆ, ಆಗತಾನೆ ತಂದ ಸ್ಕೂಲ್ ಬ್ಯಾಗಿನೊಳಗೆ ಮೂಗಿಟ್ಟ ಹಾಗೆ. ಇದರ ಗಾಜು ಬಲು ಜಾಣ. ಸುಮ್ಮನಿದ್ದಾಗ ತಿಳಿಯಾಗಿರುತ್ತದೆ, ಕಿಡಿ ಹಾರಿದ ಕೂಡಲೇ ತಾನಾಗಿ ಕಪ್ಪಾಗುತ್ತದೆ. ಹಳೆಯದು ಕೈಯಲ್ಲಿ ಹಿಡಿಯುವ ಕಪ್ಪು ಗಾಜು. ಹಿಡಿದರೆ ಕೆಲಸ ಕಾಣದು, ಬಿಟ್ಟರೆ ಕಣ್ಣು ಉಳಿಯದು. ಆ ವಾಸನೆಯಲ್ಲಿ ನಿಂತಿದ್ದವನಿಗೆ ಒಂದು ಊರು ನೆನಪಾಯಿತು. ಏಳು ಬಾಗಿಲಿನ ಊರು. ನಾನು ಅಲ್ಲಿಗೆ ಹೋಗಿಬಂದದ್ದು ಮಂಚದ ಮೇಲೆ ಮಲಗಿಕೊಂಡೇ.

ಮೊದಲು ನನ್ನ ವಿಚಾರ ಹೇಳಿಬಿಡುತ್ತೇನೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಹಾಗೆಂದು ತಲೆ ತಗ್ಗಿಸುವ ಅಭ್ಯಾಸ ನನಗಿಲ್ಲ. ನೀವು ಮಳವಳ್ಳಿಯಲ್ಲಿ ಬೆಳಕವಾಡಿ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು ನೋಡಿ. ದಾರಿಯ ಗೇಟುಗಳಲ್ಲಿ ಅರ್ಧಕ್ಕರ್ಧ ನನ್ನವು. ಅರ್ಧ ಅಂದದ್ದು ಸ್ವಲ್ಪ ಹೆಚ್ಚಾಯಿತೇನೋ. ಇರಲಿ, ಕಿರ್ರೆನ್ನದೆ ತೆರೆದುಕೊಂಡ ಗೇಟು ಕಂಡರೆ ಅದು ನನ್ನದೆಂದು ತಿಳಿದುಕೊಳ್ಳಿ. ಜ್ವರ ಬಂದರೂ ವೆಲ್ಡಿಂಗ್ ಶೆಡ್ಡಿನ ಬಾಗಿಲು ಹಾಕಿದವನಲ್ಲ. ಹಗಲು ಮಲಗುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಅಂಥವನಿಗೆ ಕೆಲವು ವರ್ಷದ ಹಿಂದೆ, ದಸರಾ ರಜದಲ್ಲಿ, ಬೆಳಕು ಹೊಡೆಯಿತು. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಲ್ಲಿ ನೋಡಿದರೆ ಆಗ ಏನೂ ಅನಿಸುವುದಿಲ್ಲ, ರಾತ್ರಿಗೆ ಕಣ್ಣೊಳಗೆ ಹಿಡಿ ಮರಳು ಎರಚಿದಂತಾಗುತ್ತದೆ. ಬಂಡೂರಿನ ನಿಂಗಣ್ಣನ ಕುರಿದೊಡ್ಡಿ ಗೇಟಿನ ಅವಸರದಲ್ಲಿ ಗಾಜು ಹಿಡಿಯದೆ ನಾಲ್ಕಾರು ಬೆಸುಗೆ ಚುಕ್ಕೆ ಇಟ್ಟುಬಿಟ್ಟಿದ್ದೆ. ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು, ಒದ್ದೆ ಬಟ್ಟೆ ಹಾಕಿಕೊಂಡು ಎರಡು ದಿನ ಕಣ್ಣು ಬಿಡದೆ ಬಿದ್ದುಕೊಂಡಿರು ಅಂದರು. ಹೆಂಡತಿ ಬೆಳಗಾದರೆ ಮದ್ದೂರಿನ ಗಾರ್ಮೆಂಟ್ಸಿಗೆ ಹೊರಡುವವಳು. ನನ್ನನ್ನು ನೋಡಿಕೊಳ್ಳಲು ಹಿಂದಿನ ಬೀದಿಯ ನನ್ನಕ್ಕ ತನ್ನ ಮಗಳು ಸಿಂಚನಳನ್ನು ಕಳಿಸಿದಳು. ಹುಡುಗಿ ಆಗ ಒಂಬತ್ತನೇ ಕ್ಲಾಸು.

ಆ ಹುಡುಗಿಗೂ ಆಗ ಕಷ್ಟಕಾಲವೇ. ಲೆಕ್ಕದಲ್ಲಿ ಮಾರ್ಕು ಕಮ್ಮಿ ಬಂತೆಂದು ಅಕ್ಕ ಅವಳ ಕತೆ ಪುಸ್ತಕವನ್ನೆಲ್ಲ ಅಟ್ಟಕ್ಕೆ ಹಾಕಿ ಏಣಿ ತೆಗೆದಿದ್ದಳು. ಉಳಿದದ್ದು ಸ್ಕೂಲ್ ಲೈಬ್ರರಿಯ ಒಂದೇ ಒಂದು. ಅದು ಲೆಕ್ಕದ ಪುಸ್ತಕದೊಳಗೆ ಕೂತು ನಮ್ಮ ಮನೆಗೆ ಬಂತು.

“ಮಾವ, ಕತೆ ಓದ್ಲಾ?” ಅಂದಳು.

“ಏನ್ ಕತೆ ಕೂಸು?”

“ಕಣ್ಣಿಗೆ ಒಂದು ಕನ್ನಡಕ ಹಾಕ್ಕೊಂಡ್ರೆ ಆಟದೊಳಕ್ಕೇ ಹೋಗ್ಬಿಡ್ತಾರೆ ಮಾವ. ಕೂತಿರೋದು ಮನೇಲಿ, ಓಡಾಡೋದು ಇನ್ನೊಂದು ಊರಲ್ಲಿ.”

ಮಕ್ಕಳ ಕತೆ ಕೇಳಲು ನಾನೇನು ಮಗುವೇ ಎಂದು ಬಾಯಿಗೆ ಬಂತು. ಆದರೆ ಕಣ್ಣು ಮುಚ್ಚಿ ಬಿದ್ದಿರುವವನಿಗೆ ಹೊತ್ತು ಹೋಗುವುದು ಎಷ್ಟು ಕಷ್ಟ ಗೊತ್ತೇ? ಗೋಡೆ ಮೇಲಿನ ಹಲ್ಲಿಯೂ ಕಾಣುವುದಿಲ್ಲ. ಓದು ಅಂದೆ.

ಕತೆಯಲ್ಲಿ ಇಳಾ ಎಂಬ ಹುಡುಗಿ, ಅವಳಿಗೊಬ್ಬ ತಮ್ಮ. ಆಟದೊಳಗೆ ಏಳು ಬಾಗಿಲಿನ ಊರು. ಒಂದೊಂದು ಬಾಗಿಲು ದಾಟಿದರೂ ಒಂದೊಂದು ಶಕ್ತಿ. ತಮ್ಮ ಅಲ್ಲಿ ವಜ್ರಬಾಹು ಎಂದು ಹೆಸರಿಟ್ಟುಕೊಂಡು ಏಳನೇ ಬಾಗಿಲು ದಾಟಿದವನು ಹಿಂದಕ್ಕೇ ಬರಲಿಲ್ಲ. ಮನೆಯಲ್ಲಿ ಅವನ ದೇಹ ಕುರ್ಚಿಯ ಮೇಲೆ ಕೂತಿದೆ, ಅನ್ನವಿಲ್ಲ, ನೀರಿಲ್ಲ, ಕನ್ನಡಕ ತೆಗೆದರೂ ಎಚ್ಚರವಿಲ್ಲ. ಇಳಾ ಅವನನ್ನು ಹುಡುಕಿಕೊಂಡು ಆಟದೊಳಕ್ಕೆ ಹೊರಟಳು.

ನೀವು ನಂಬುತ್ತೀರೋ ಇಲ್ಲವೋ, ನಾನೂ ಹೊರಟೆ. ಕಣ್ಣಿನ ಮೇಲೆ ಒದ್ದೆ ಬಟ್ಟೆ, ಕಿವಿಯಲ್ಲಿ ಸಿಂಚನಳ ದನಿ. ಇನ್ನೇನು ಬೇಕು? ಗಾಜಿನ ಬೀದಿ, ಮೇಲಕ್ಕೆ ಹರಿಯುವ ಕಾಲುವೆ, ಮಾತಾಡುವ ನಾಯಿ, ಎಲ್ಲವೂ ನಮ್ಮ ಸಂತೆಮಾಳದಷ್ಟು ಸ್ಪಷ್ಟ. ಮೂರನೇ ಬಾಗಿಲು ಗಾಳಿಯಲ್ಲಿ ನಿಂತಿತ್ತಂತೆ. ತಡೆಯಲಾಗಲಿಲ್ಲ.

“ಹಿಂಜಸ್ ಎಲ್ಲದೆ? ಗೋಡೆನೇ ಇಲ್ಲ ಅಂದ್ರೆ ಯಾವುದ್ಕೆ ಕೂರ್ಸವ್ರೆ?”

“ಮಾವ, ಅದು ಆಟ!”

“ಆಟ ಆದ್ರೇನು, ಬಾಗ್ಲು ಬಾಗ್ಲೇ ತಾನೆ?”

ಎರಡನೇ ದಿನ ಸಂಜೆಗೆ ಇಳಾ ಆರನೇ ಬಾಗಿಲಿನ ಮುಂದೆ ನಿಂತಳು. ಅದೇ ಹೊತ್ತಿಗೆ, ಏನು ಗ್ರಹಚಾರವೋ, ನನ್ನ ಕಣ್ಣು ವಾಸಿಯಾಯಿತು. ಬಟ್ಟೆ ಸರಿಸಿ ನೋಡಿದರೆ ಸೂರು ನಿಚ್ಚಳ, ಉರಿಯಿಲ್ಲ. ಸಿಂಚನ ನನ್ನ ಕಣ್ಣು ನೋಡಿದಳು. ಅವಳ ಮುಖ ಸಪ್ಪಗಾಯಿತು. ಕಣ್ಣು ವಾಸಿಯಾದರೆ ಅವಳಿಗೆ ನಮ್ಮ ಮನೆಯಲ್ಲಿ ಏನು ಕೆಲಸ? ನಾಳೆಯಿಂದ ಅಮ್ಮನೆದುರು ಲೆಕ್ಕ. ರಜ ಮುಗಿದರೆ ಪುಸ್ತಕ ವಾಪಸ್ಸು. ಆ ಹುಡುಗ ಏಳನೇ ಬಾಗಿಲ ಹಿಂದೆಯೇ ಉಳಿದುಬಿಡುತ್ತಾನೆ, ಅವಳಿಗೂ ನನಗೂ.

ನಾನು ಬಟ್ಟೆಯನ್ನು ಮತ್ತೆ ಕಣ್ಣಿನ ಮೇಲೆ ಎಳೆದುಕೊಂಡೆ. “ಇನ್ನೂ ಉರೀತದೆ ಅನ್ನು ನಿಮ್ಮವ್ವಂಗೆ” ಅಂದೆ.

ಜ್ವರಕ್ಕೂ ರಜ ಹಾಕದವನು ಒಂದು ಕತೆಗೆ ಹಾಕಿದೆ.

ಮಾರನೇ ದಿನ ಇಳಾ ಏಳನೇ ಬಾಗಿಲು ತಟ್ಟುವ ಹೊತ್ತಿಗೆ ನಮ್ಮ ಬಾಗಿಲು ದಬದಬ ಅಂತು. ಬಂಡೂರಿನ ನಿಂಗಣ್ಣ.

“ಏನ್ಲಾ, ಅಗಲೊತ್ನಲ್ಲಿ ಬಾಣಂತಿ ಮನೀಕಂಡಂಗೆ ಮನೀಕಂಡಿದ್ದೀಯ! ನನ್ ಗೇಟೆಲ್ಲಿ? ಕುರಿ ಕಾಯ್ಕೊಂಡು ಬಾಗ್ಲಲ್ಲೇ ಬಿದ್ದಿವ್ನಿ ಕಣ್ಲಾ.”

“ಕಣ್ಣಿಗೆ ಬೆಳಕು ಹೊಡದದೆ ನಿಂಗಣ್ಣ. ನಾಳೆ ಕೊಡ್ತೀನಿ.”

“ಈ ಮಗ ಏನ್ ಓದ್ತಾ ಅದೆ?”

ಸಿಂಚನ ಹೆದರಿಕೊಂಡೇ ಎರಡು ಮಾತಿನಲ್ಲಿ ಕತೆ ಹೇಳಿದಳು. ನಿಂಗಣ್ಣ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. “ಅಲ್ಲಾ, ಆ ಹೈದ ಅನ್ನ ಇಲ್ದೆ ಕುಂತವ್ನಲ್ಲ, ಅವರವ್ವ ಏನ್ ಮಾಡ್ತಾವ್ಳೆ? ಓದು, ಓದು” ಅಂದ. ಆಮೇಲೆ ಸಾಲು ಸಾಲಿಗೂ “ಹೂಂ” ಅನ್ನುತ್ತ ಕೂತ. ಗೇಟಿನ ಮಾತೇ ಎತ್ತಲಿಲ್ಲ.

ಏಳನೇ ಬಾಗಿಲು ಯಾವ ಶಕ್ತಿಗೂ ಜಗ್ಗಲಿಲ್ಲ. ವಜ್ರಬಾಹು ಎಂದು ಎಷ್ಟು ಕೂಗಿದರೂ ತಮ್ಮ ಓಗೊಡಲಿಲ್ಲ. ಕೊನೆಗೆ ಇಳಾ ಗೆದ್ದ ಶಕ್ತಿಯನ್ನೆಲ್ಲ ಅಲ್ಲೇ ಬಿಟ್ಟು ತನ್ನ ಕನ್ನಡಕ ತೆಗೆದಳು. ಮನೆಯ ಕೋಣೆಯಲ್ಲಿ, ಕುರ್ಚಿಯಲ್ಲಿ ಕೂತ ತಮ್ಮನ ಕಿವಿಯ ಹತ್ತಿರ ಬಾಗಿ, ಮನೆಯಲ್ಲಿ ಅವನನ್ನು ಕರೆಯುವ ಹೆಸರು ಹಿಡಿದು ಮೆಲ್ಲಗೆ ಕರೆದಳು. “ಗುಂಡಾ, ಏಳೋ. ಅನ್ನ ಆರಿಹೋಗ್ತಿದೆ.”

ಹುಡುಗ ಕಣ್ಣು ಬಿಟ್ಟ.

ಸಿಂಚನ ಪುಸ್ತಕ ಮುಚ್ಚಿದಳು. ನಿಂಗಣ್ಣ ಮೂಗೊರೆಸಿಕೊಂಡು, “ಬಾಗ್ಲು ಆಚೆಯಿಂದ ತೆಗೀಬೇಕಾಗಿತ್ತು ಅನ್ನು” ಅಂದ. ಗೇಟು ಮಾಡುವ ನನಗೇ ಹೊಳೆಯಲಿಲ್ಲವಲ್ಲ ಅದು! ಅಷ್ಟರಲ್ಲಿ ಬಾಗಿಲಲ್ಲಿ ಬಳೆ ಸದ್ದಾಯಿತು. ಪುಸ್ತಕ ನನ್ನ ಬೆನ್ನಡಿಗೆ ಹೋಯಿತು.

“ಕಣ್ಣು ಎಂಗದ್ಲಾ?” ಅಕ್ಕನ ದನಿ.

ನನಗಿಂತ ಮೊದಲು ನಿಂಗಣ್ಣ ಬಾಯಿ ಹಾಕಿದ. “ಕೆಂಡ ಕಣಮ್ಮ, ಕೆಂಡ! ನಾನೇ ನೋಡ್ದೆ.” ಕೆಂಡವಾಗಿದ್ದದ್ದು ಅವನ ಕಣ್ಣು. ಅಕ್ಕ ಬರೀ ಹೂಂ ಅಂದು, ಮಗಳನ್ನು ಕರೆದುಕೊಂಡು ಹೋದಳು. ಅವಳಿಗೆ ಗೊತ್ತಾಗಲಿಲ್ಲವೆಂದು ನಾನು ಇಷ್ಟು ವರ್ಷ ಒಳಗೊಳಗೇ ಮೀಸೆ ತಿರುವಿಕೊಂಡೆ.

ಈಗ ಸಿಂಚನ ಮಂಡ್ಯದ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಾಳೆ. ಅಕ್ಕನಿಗೆ ಹೋದ ತಿಂಗಳು ಕಣ್ಣಿನ ಪೊರೆ ತೆಗೆದಿದ್ದಾರೆ.

ಹೊಸ ಹೆಲ್ಮೆಟ್ಟಿನೊಳಗೆ ಇದನ್ನೆಲ್ಲ ನೆನೆಯುತ್ತ ಮೈಮರೆತು ನಿಂತಿದ್ದೆನಲ್ಲ, ಯಾರೋ ಹೆಲ್ಮೆಟ್ಟಿನ ಮೇಲೆ ಟಕಟಕ ಬಡಿದರು.

“ಗುಂಡಾ, ಏಳ್ಲಾ. ಅನ್ನ ಆರೋಯ್ತದೆ.”

ನಮ್ಮ ಮನೆಯಲ್ಲಿ ಗುಂಡ ಅನ್ನುವವನು ಯಾರೂ ಇಲ್ಲ. ಹೆಲ್ಮೆಟ್ ಎತ್ತಿದರೆ ಎದುರಿಗೆ ಅಕ್ಕ, ಆಪರೇಷನ್ನಿನ ದಪ್ಪ ಕರಿ ಕನ್ನಡಕ ಹಾಕಿಕೊಂಡು.

“ಅಕ್ಕ, ಅದು ನಿನಗೆಂಗೆ ಗೊತ್ತು?”

“ಕಿಟಕಿ ತಾವ ನಿಂತಿದ್ನಲ್ಲ ಅವತ್ತು. ಆ ಹೈದ ಕಣ್ಣು ಬುಡೋ ಗಂಟ ಒಳಕ್ಕೆ ಬರಕ್ಕೆ ಮನಸಾಗ್ನಿಲ್ಲ.” ಸೆರಗಿನೊಳಗಿಂದ ಒಂದು ಪುಸ್ತಕ ತೆಗೆದು ನನ್ನ ಕೈಗಿಟ್ಟಳು. “ಎರಡನೇ ಭಾಗ ಬಂದದಂತೆ. ಸಿಂಚನ ಕಳಸವ್ಳೆ. ನಾ ಕಣ್ಣಿಗೆ ಆಯಾಸ ಮಾಡ್ಕಳಂಗಿಲ್ಲ. ನೀ ಓದು.”

“ನಾನಾ? ಅಕ್ಸರ ಕೂಡ್ಸಿ ಓದೋದ್ರೊಳ್ಗೆ ಕತ್ತಲಾಯ್ತದೆ ಕಣಕ್ಕ.”

“ನಂಗೇನ್ಲಾ, ಕನ್ನಡಕ ಹಾಕಿವ್ನಿ. ಆಗ್ಲೇ ಕತ್ತಲು.”

ಆಕೆ ಸ್ಟೂಲು ಎಳೆದುಕೊಂಡು ಕೂತು, ಗೋಡೆಗೆ ಒರಗಿದಳು. ಬೆಳಕವಾಡಿಗೆ ಹೋಗಬೇಕಾದ ಗೇಟೊಂದು ಅರ್ಧಕ್ಕೆ ಮಲಗಿತ್ತು. ಹೊಸ ಹೆಲ್ಮೆಟ್ಟನ್ನು ಅದರ ಮೇಲಿಟ್ಟು, ಮಟಮಟ ಮಧ್ಯಾಹ್ನದಲ್ಲಿ ಶೆಡ್ಡಿನ ಬಾಗಿಲು ಮುಂದಕ್ಕೆಳೆದೆ. ಮಸಿ ಬೆರಳನ್ನು ಅಂಗಿಗೆ ಒರೆಸಿಕೊಂಡು ಮೊದಲ ಸಾಲಿನ ಮೇಲಿಟ್ಟೆ.

ಅಕ್ಕ ಆಗಲೇ “ಹೂಂ” ಅಂದಳು.