ಮೌನಾಚರಣೆಯಲ್ಲಿ ಆಡಿದ ಕೈಗಳು

ನಮ್ಮ ಸ್ಟುಡಿಯೊ ಇರುವುದು ಜಯನಗರದಲ್ಲಿ, ಒಂದು ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಂಪನಿಗಳು ತಮ್ಮ ಸಭೆ, ಸಮಾವೇಶಗಳನ್ನು ನೇರ ಪ್ರಸಾರ ಮಾಡುವಾಗ ಕಿವಿ ಕೇಳದವರಿಗೂ ಅದು ತಲುಪುವಂತೆ ಮಾಡುವುದು ನಮ್ಮ ಕೆಲಸ. ನಾನು ವೇದಿಕೆಯ ಮಾತನ್ನು ಕೇಳುತ್ತ, ಪರದೆಯ ಕೆಳಗೆ ಎರಡು ಸಾಲಿನಲ್ಲಿ ಕನ್ನಡ ಅಕ್ಷರ ಓಡಿಸುತ್ತೇನೆ. ಪಕ್ಕದ ಕೋಣೆಯಲ್ಲಿ ಹಸಿರು ಬಟ್ಟೆಯ ಮುಂದೆ ಅಕ್ಕ ನಿಂತು ಅದೇ ಮಾತನ್ನು ಸನ್ನೆ ಭಾಷೆಗೆ ತಿರುಗಿಸುತ್ತಾಳೆ. ಪರದೆಯ ಬಲ ಮೂಲೆಯ ಚೌಕದಲ್ಲಿ ಅವಳು ಕಾಣುತ್ತಾಳೆ. ಸ್ವಂತ ಅಕ್ಕ ಅಲ್ಲ. ನನಗಿಂತ ಎಂಟು ವರ್ಷ ದೊಡ್ಡವಳು, ಹಾಗಾಗಿ ಅಕ್ಕ.

ಪ್ರತಿ ಪ್ರಸಾರ ಮುಗಿದ ಮೇಲೆ ನಾನು ಡೈರಿಯಲ್ಲಿ ಲೆಕ್ಕ ಬರೆಯುತ್ತೇನೆ: ಎಷ್ಟು ಹೊತ್ತು ಬರೆದೆ, ಎಷ್ಟು ಪದ ತಪ್ಪಿತು, ಎಲ್ಲಿ ಹಿಂದೆ ಬಿದ್ದೆ. ಶ್ರಾವಣದ ಎರಡನೆಯ ಶನಿವಾರದ ಪುಟದಲ್ಲಿ ತಪ್ಪಿದ ಪದ ಹನ್ನೊಂದು ಎಂದಿದೆ. ಅದನ್ನು ಆಮೇಲೆ ಹೊಡೆದುಹಾಕಿದ್ದೇನೆ. ಅವತ್ತಿನ ತಪ್ಪನ್ನು ಹೇಗೆ ಎಣಿಸಬೇಕೆಂದು ನನಗೆ ಈಗಲೂ ಗೊತ್ತಿಲ್ಲ.

ಅದು ಒಂದು ಮಸಾಲೆ ಪುಡಿ ಕಂಪನಿಯ ವಿತರಕರ ಸಮಾವೇಶ. ಸಭಾಂಗಣ ಜೆ.ಪಿ. ನಗರದಲ್ಲಿತ್ತು, ನಾವು ಸ್ಟುಡಿಯೊದಲ್ಲೇ ಇದ್ದೆವು. ಆ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ ಬಹುಪಾಲು ಕಿವಿ ಕೇಳದವರೇ. ಅವರೂ ನೋಡಲಿ ಎಂದು ಮೊದಲ ಸಲ ಸನ್ನೆ ಭಾಷೆಗೆ ವ್ಯವಸ್ಥೆ ಮಾಡಿದ್ದರು. ಅಕ್ಕನ ತಂದೆ ಅದೇ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕಿದ್ದವರು. ಅವಳ ತಂದೆ ತಾಯಿ ಇಬ್ಬರಿಗೂ ಕಿವಿ ಕೇಳುವುದಿಲ್ಲ. ಅವಳು ಮಾತು ಕಲಿಯುವ ಮೊದಲು ಕಲಿತದ್ದು ಸನ್ನೆ.

ಕೆಲವು ವಾರಗಳಿಂದ ಒಂದು ಸುದ್ದಿ ಹರಿದಾಡುತ್ತಿತ್ತು. ಪ್ಯಾಕಿಂಗಿಗೆ ಮಷೀನು ಬರುತ್ತದೆ, ವಿಭಾಗವನ್ನೇ ಮುಚ್ಚುತ್ತಾರೆ ಎಂದು. ಯಾರನ್ನು ಕೇಳಿದರೂ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಸಮಾವೇಶದಲ್ಲಿ ಮಾಲೀಕರು ಏನಾದರೂ ಹೇಳಬಹುದು ಎಂದು ಆ ವಿಭಾಗದವರೆಲ್ಲ ಅವರವರ ಮನೆಯಲ್ಲಿ ಫೋನು ಹಿಡಿದು ಕೂತಿದ್ದರು.

“ಅಪ್ಪ ಬೆಳಗ್ಗೆನೇ ಇಸ್ತ್ರಿ ಶರ್ಟ್ ಹಾಕ್ಕೊಂಡು ಕೂತ್ಬಿಟ್ಟಿದಾರೆ, ಅವ್ರೇ ಸ್ಟೇಜ್ ಮೇಲೆ ಹೋಗೋರ ಥರ,” ಎಂದು ಅಕ್ಕ ನಕ್ಕಳು. ಬಳೆ, ಉಂಗುರ ಕಳಚಿ ನನ್ನ ಮೇಜಿನ ಡಬ್ಬಿಗೆ ಹಾಕಿದಳು. ಕೈ ಮಾತ್ರ ಎದ್ದು ಕಾಣಬೇಕು, ಅದಕ್ಕೆ ಯಾವಾಗಲೂ ಕಡು ನೀಲಿಯ ಕುರ್ತಾ.

“ಕೆಟ್ಟ ಸುದ್ದಿ ಬಂದ್ರೆ ಏನ್ಮಾಡ್ತೀಯ ಅಕ್ಕ?”

“ಏನ್ಮಾಡೋದು? ಕಿವಿಗೆ ಬಿದ್ದಿದ್ದು ನಂದಲ್ಲ ಮಗಾ. ಹಾಗೇ ದಾಟಿಸ್ಬಿಡೋದು.”

ಅದು ಅವಳ ವೃತ್ತಿಯ ನಿಯಮ. ಕಿವಿಗೆ ಬಿದ್ದದ್ದೆಲ್ಲ ಕೈಗೆ ಬರಬೇಕು. ಭಾಷಣದ ಮಧ್ಯೆ ಯಾರದೋ ಫೋನು ರಿಂಗಾದರೆ ಅದನ್ನೂ ಹೇಳುತ್ತಾಳೆ, ಮೈಕಿಗೆ ಯಾರಾದರೂ ಕೆಮ್ಮಿದರೆ ಅದನ್ನೂ. ಪಕ್ಕದಿಂದ ಬಂದ ದನಿ ಎಂದು ತೋರಿಸಲು ಭುಜವನ್ನು ಸ್ವಲ್ಪ ಓರೆ ಮಾಡುತ್ತಾಳೆ. ಕೇಳುವವರಿಗೆ ಸಿಕ್ಕಿದ್ದು ಕೇಳದವರಿಗೂ ಸಿಗಬೇಕು, ಯಾವುದು ಬೇಕು ಯಾವುದು ಬೇಡ ಎಂದು ಆರಿಸಲು ನಾನ್ಯಾರು ಎನ್ನುತ್ತಿದ್ದಳು.

ಅವಳ ಮುಂದಿನ ಟೀವಿಯ ಬೆಳಕು ಕನ್ನಡಕದ ಮೇಲೆ ಬೀಳುತ್ತಿತ್ತು. ಅದನ್ನು ಗೋಡೆಯ ಕಡೆಗೆ ತಿರುಗಿಸಿದೆ. ಹಾಗಾಗಿ ಅವಳಿಗೆ ಸಭಾಂಗಣ ಕಾಣುತ್ತಿರಲಿಲ್ಲ. ಎದುರಿಗೆ ಕ್ಯಾಮೆರಾ, ಕಿವಿಯಲ್ಲಿ ಒಂದು ವೈರು, ಅಷ್ಟೆ.

ಪ್ರಸಾರ ಸುಗಮವಾಗಿಯೇ ಶುರುವಾಯಿತು. ವೀಕ್ಷಕರು ಬರೆಯುವ ಚಾಟ್ ಕಿಟಕಿ ನನ್ನ ಪರದೆಯ ಪಕ್ಕದಲ್ಲೇ ಇರುತ್ತದೆ. ಸ್ವಾಗತ ಭಾಷಣದ ಹೊತ್ತಿಗೆ ಪ್ಯಾಕಿಂಗಿನವರೊಬ್ಬರು ಅಲ್ಲಿ ‘ಟೀ ಬಂತಾ?’ ಎಂದು ಬರೆದು ನಗುವ ಮುಖ ಹಾಕಿದರು. ಇನ್ನೊಬ್ಬರು ‘ನಮಗೂ ಕಳ್ಸಿ’ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ವೇದಿಕೆಯ ಮೇಲೆ ಟೀ ಸುದ್ದಿ ಯಾರೂ ಎತ್ತಿರಲಿಲ್ಲ. ಅವರವರ ತಮಾಷೆ ಇರಬೇಕು ಎಂದುಕೊಂಡು ಮುಂದಿನ ಸಾಲಿಗೆ ಹೋದೆ.

ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು ಮಾಲೀಕರು ಎದ್ದರು. ಕಂಪನಿಯನ್ನು ಕಟ್ಟಿದ ಅವರ ತಂದೆ ಆ ವರ್ಷವೇ ತೀರಿಕೊಂಡಿದ್ದರು. ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ ಎಂದರು. ಸಭಾಂಗಣವಿಡೀ ಎದ್ದಿತು. ಕೆಮ್ಮು, ಕುರ್ಚಿಯ ಸದ್ದು ಕೇಳದಿರಲೆಂದು ಅಲ್ಲಿಯವರು ವೇದಿಕೆಯ ಮೈಕುಗಳನ್ನೆಲ್ಲ ಮುಚ್ಚಿದರು. ನನ್ನ ಹೆಡ್‌ಫೋನಿನಲ್ಲಿ ಏನೂ ಇಲ್ಲ. ನಾನು ‘ಮೌನ’ ಎಂದು ಒಂದೇ ಪದ ಬರೆದು ಕೀಬೋರ್ಡಿನಿಂದ ಕೈ ಎತ್ತಿದೆ.

ಪರದೆಯಲ್ಲಿ ನೂರಾರು ಜನ ತಲೆ ತಗ್ಗಿಸಿ ನಿಂತಿದ್ದಾರೆ. ಹಾರ ಹಾಕಿದ ಫೋಟೊ. ಕೆಳಗೆ ನನ್ನ ಅಕ್ಷರ: ಮೌನ. ಬಲ ಮೂಲೆಯ ಚೌಕದಲ್ಲಿ ಅಕ್ಕನ ಕೈಗಳು ಆಡುತ್ತಿದ್ದವು.

ಮೊದಲು ಹಿಂದಿನ ಮಾತನ್ನು ಮುಗಿಸುತ್ತಿದ್ದಾಳೆ ಎಂದುಕೊಂಡೆ. ಅವಳು ಸಾಮಾನ್ಯವಾಗಿ ಒಂದು ವಾಕ್ಯ ಹಿಂದಿರುತ್ತಾಳೆ. ಆದರೆ ಕೈ ನಿಲ್ಲಲಿಲ್ಲ. ಭುಜ ಒಮ್ಮೆ ಎಡಕ್ಕೆ ಓರೆಯಾಯಿತು, ಒಮ್ಮೆ ಬಲಕ್ಕೆ. ಇಬ್ಬರು ಮಾತಾಡಿಕೊಳ್ಳುವಾಗ ಅವಳು ಹಾಗೆ ಮಾಡುವುದು. ಹುಬ್ಬು ಏರಿತು, ಪ್ರಶ್ನೆ. ಬಾಯಿಯ ಕೊನೆಯಲ್ಲಿ ನಗು ಬಂದು ಹೋಯಿತು. ಆ ನಗು ಅವಳದಾಗಿರಲಿಲ್ಲ. ನನಗೆ ಸನ್ನೆ ಬರುವುದು ಒಂದೆರಡು ಪದ ಮಾತ್ರ. ಗೋಡೆಯ ಆಚೆಗೆ ಕಿವಿ ಕೊಟ್ಟೆ. ಅವಳ ಕುರ್ತಾದ ತೋಳು ಸರಸರ ಸರಿಯುವುದಷ್ಟೇ ಕೇಳುತ್ತಿತ್ತು.

ಚಾಟ್ ನಿಂತುಹೋಗಿತ್ತು. ಬೆಳಗಿನಿಂದ ಹರಟುತ್ತಿದ್ದವರು ಒಬ್ಬರೂ ಬರೆಯುತ್ತಿಲ್ಲ. ಆಮೇಲೆ ಒಂದೇ ಸಾಲು ಬಂತು: ‘ಇದು ಯಾರು ಮಾತಾಡ್ತಿರೋದು?’

ಮೌನ ಮುಗಿದು ಎಲ್ಲರೂ ಕೂತರು. ಮಾಲೀಕರು ನಾವೆಲ್ಲ ಒಂದೇ ಕುಟುಂಬ ಎಂದರು. ಅಕ್ಕ ಅದನ್ನೂ ಸನ್ನೆ ಮಾಡಿದಳು. ಪ್ಯಾಕಿಂಗ್ ವಿಭಾಗದ ಸುದ್ದಿಯನ್ನು ಕೊನೆಯವರೆಗೂ ಅವರು ಎತ್ತಲಿಲ್ಲ.

ಪ್ರಸಾರ ಮುಗಿದ ಮೇಲೆ ಅಕ್ಕ ಹೊರಗೆ ಬಂದು ನೀರು ಕುಡಿದಳು. ಫೋನು ತೆಗೆದಾಗ ತಂದೆಯ ವಿಡಿಯೊ ಕರೆ ಬಂತು. ಅವರು ಒಂದೇ ಸನ್ನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದದ್ದು ನನಗೂ ಕಾಣುತ್ತಿತ್ತು. ಅಕ್ಕ ನೋಡುತ್ತ ನೋಡುತ್ತ ನನ್ನ ಕಡೆ ತಿರುಗಿದಳು.

“ನಾನು ಹೇಳಿದ್ದು ನಿಜಾನಾ ಅಂತ ಅಪ್ಪ ಕೇಳ್ತಿದಾರೆ. ದಸರಾ ಆದ್ಮೇಲೆ ಎಲ್ರನ್ನೂ ಕಳಿಸ್ತಾರೆ ಅಂತ ನಾನೇ ಹೇಳಿದ್ನಂತೆ. ಯಾವಾಗ ಹೇಳ್ದೆ?”

“ಮೌನಾಚರಣೇಲಿ ಏನೋ ಸನ್ನೆ ಮಾಡ್ತಿದ್ದೆ ಅಕ್ಕ.”

“ಯಾವ ಮೌನಾಚರಣೆ?”

ಹಾಗೊಂದು ನಡೆದದ್ದೇ ಅವಳಿಗೆ ಗೊತ್ತಿರಲಿಲ್ಲ. ಗಂಟೆಗಟ್ಟಲೆ ಸನ್ನೆ ಮಾಡಿದ ಮೇಲೆ ಏನು ಹೇಳಿದೆ ಎನ್ನುವುದು ನೆನಪಿರುವುದಿಲ್ಲ ಎಂದು ಮೊದಲೂ ಹೇಳಿದ್ದಳು, ನಾನು ನಂಬಿರಲಿಲ್ಲ. ಬೆಂಚಿನ ಮೇಲೆ ಕೂತು ತನ್ನ ಎರಡು ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಂಡಳು, ಯಾರೋ ಬಿಟ್ಟುಹೋದ ಸಾಮಾನು ನೋಡುವ ಹಾಗೆ.

ಸೋಮವಾರ ಅವಳ ತಂದೆ ಮತ್ತು ಜೊತೆಯವರು, ಫೋನಿನಲ್ಲಿ ಹಿಡಿದಿಟ್ಟಿದ್ದ ಆ ತುಣುಕನ್ನು ಕಂಪನಿಯ ಪ್ರಚಾರ ವಿಭಾಗದ ಮ್ಯಾನೇಜರಿಗೆ ತೋರಿಸಿದರು. ಅವರು ಬಿಳಿ ಹಾಳೆಯ ಮೇಲೆ ಬರೆದು ಕೊಟ್ಟ ಉತ್ತರ ಇಷ್ಟೇ: ಅಂಥ ಮಾತು ಯಾರೂ ಆಡಿಲ್ಲ, ಆ ಹೆಂಗಸಿನ ತಪ್ಪು, ಕೆಳಗೆ ಅಕ್ಷರದಲ್ಲಿ ಮೌನ ಎಂದು ಇರುವುದನ್ನು ನೋಡಿ. ಬರೆದದ್ದರ ಫೋಟೊ ಅಕ್ಕನ ಫೋನಿಗೆ ಬಂತು. ನನ್ನ ಒಂದು ಪದವೇ ಅವರಿಗೆ ಸಾಕ್ಷಿಯಾಗಿತ್ತು.

ಮಧ್ಯಾಹ್ನ ನಮ್ಮ ಸ್ಟುಡಿಯೊ ಮಾಲೀಕರಿಗೆ ಮ್ಯಾನೇಜರು ಫೋನು ಮಾಡಿದರು. ಪ್ರಸಾರದ ವಿಡಿಯೊವನ್ನು ಕಂಪನಿಯ ಪುಟಕ್ಕೆ ಹಾಕಬೇಕು. ಅಕ್ಕ ಅದೇ ಕುರ್ತಾ ತೊಟ್ಟು ಬಂದು, ಕೈಕಟ್ಟಿ ಒಂದು ನಿಮಿಷ ನಿಲ್ಲಬೇಕು. ಮೌನಾಚರಣೆಯ ಜಾಗಕ್ಕೆ ಇದನ್ನು ಜೋಡಿಸಿದರೆ ತಪ್ಪು ಸರಿಹೋಗುತ್ತದೆ.

“ನಿಂತ್ಕೋತೀಯಾ ಅಕ್ಕ?” ಎಂದೆ. ನಿಂತರೆ ತಪ್ಪು ತನ್ನದೇ ಎಂದು ಒಪ್ಪಿಕೊಂಡಂತೆ. ತಂದೆಯ ಕಡೆಯವರಿಗೆ ಇದ್ದ ಒಂದೇ ಆಧಾರವೂ ಹೋಗುತ್ತದೆ.

“ತಪ್ಪು ನಂದೇ ಆಗಿದ್ರೆ? ತಿಂಗಳಿಂದ ಅದೇ ಯೋಚ್ನೆ ತಲೇಲಿ. ನನ್ ಭಯಾನೇ ಕೈಗೆ ಬಂತೇನೋ. ನನ್ನ ಕೇಳ್ದೇನೆ.” ಅವಳ ದನಿ ಸಣ್ಣದಾಗಿತ್ತು. “ಅಮ್ಮ ನಿನ್ನೆಯಿಂದ ನನ್ ಮುಖ ನೋಡ್ತಿಲ್ಲ ಮಗಾ. ಕೈನೇ ನೋಡ್ತಾಳೆ.”

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ನನ್ನ ಕಿವಿಗೆ ಏನೂ ಬಿದ್ದಿರಲಿಲ್ಲವಲ್ಲ.

ಬುಧವಾರ ಬೆಳಗ್ಗೆ ಅವಳು ಕುಮಾರಸ್ವಾಮಿ ಲೇಔಟಿನಿಂದ ಸ್ಕೂಟರಿನಲ್ಲಿ ಬಂದಳು. ಮ್ಯಾನೇಜರು ಮೊದಲೇ ಬಂದು ನಮ್ಮ ಸ್ಟುಡಿಯೊ ಮಾಲೀಕರ ಜೊತೆ ಕೂತಿದ್ದರು. ಒಳ್ಳೆಯ ಮಾತಿನ ಮನುಷ್ಯ. ಎಲ್ಲರಿಗೂ ಬೇಕರಿಯಿಂದ ದಿಲ್‌ಪಸಂದ್ ತಂದಿದ್ದರು. “ಟೆನ್ಷನ್ ಮಾಡ್ಕೋಬೇಡಿ ಮೇಡಂ, ಎಲ್ರಿಗೂ ಆಗತ್ತೆ. ಜಸ್ಟ್ ಒಂದ್ ನಿಮಿಷ,” ಎಂದರು.

ಅಕ್ಕ ಹಸಿರು ಬಟ್ಟೆಯ ಮುಂದೆ ನಿಂತಳು. ಬಾಗಿಲು ತೆರೆದೇ ಇತ್ತು. “ಕಿವಿಗೆ ಏನಾದ್ರೂ ಕೊಡು. ಸುಮ್ನೆ ನಿಂತ್ರೆ ಯಾವಾಗ ತಲೆ ಎತ್ಬೇಕು ಅಂತ ಗೊತ್ತಾಗಲ್ಲ,” ಎಂದಳು.

ಪ್ರಸಾರದ ದಿನ ಸಭಾಂಗಣದಿಂದ ನಮಗೆ ಎರಡು ಧ್ವನಿ ಬರುತ್ತವೆ, ಒಂದು ನನಗೆ, ಒಂದು ಅವಳಿಗೆ. ಎರಡೂ ಬೇರೆ ಬೇರೆಯಾಗಿ ದಾಖಲಾಗಿರುತ್ತವೆ. ಎರಡರಲ್ಲೂ ಇರುವುದು ಒಂದೇ ಎಂದು ಅವಳದನ್ನು ಯಾರೂ ತೆರೆಯುವುದಿಲ್ಲ. ನಿಲ್ಲುವುದು ಅವಳಲ್ಲವೇ ಎಂದು ಅಂದು ಅವಳದನ್ನೇ ತೆಗೆದು, ಮೌನಾಚರಣೆಯ ಜಾಗಕ್ಕೆ ಹಚ್ಚಿದೆ. ಅವಳ ಕಿವಿಗೂ ನನ್ನ ಹೆಡ್‌ಫೋನಿಗೂ ಒಟ್ಟಿಗೆ ಕೊಟ್ಟೆ.

ಎಲ್ಲರೂ ಎದ್ದು ನಿಲ್ಲೋಣ ಎಂದ ದನಿ. ಕುರ್ಚಿಗಳ ಸದ್ದು. ಅಕ್ಕ ಕೈಕಟ್ಟಿ ತಲೆ ತಗ್ಗಿಸಿದಳು. ಮೈಕು ಮುಚ್ಚಿದ ಟಕ್ ಎಂಬ ಸದ್ದು. ಆಮೇಲೆ, ನನ್ನ ಕಿವಿಯ ತೀರ ಹತ್ತಿರ, ಒಬ್ಬ ಗಂಡಸು ಮಾತಾಡಿದ.

“ಪ್ಯಾಕಿಂಗ್ ವಿಷ್ಯ ಇವತ್ತು ಎತ್ಬೇಡಿ ಅಂತ ಸಾಹೇಬ್ರಿಗೆ ಹೇಳಿ.”

ಅಕ್ಕನ ಕೈ ಬಿಚ್ಚಿಕೊಂಡಿತು. ತಲೆ ಮೆಲ್ಲಗೆ ಮೇಲೆ ಬಂತು. ಭುಜ ಎಡಕ್ಕೆ ಓರೆಯಾಯಿತು. ಶನಿವಾರ ಕಂಡ ಅದೇ ಚಲನೆ. ಆದರೆ ಈಗ ಅದರ ಹಿಂದಿನ ದನಿ ನನ್ನ ಕಿವಿಯಲ್ಲೂ ಇತ್ತು. ಆ ದನಿಯನ್ನು ನಾನು ಎಲ್ಲಿ ಕೇಳಿದ್ದೇನೆ ಎಂದು ಗುರುತಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಮೇಡಂ, ಕೈ, ಕೈ,” ಎಂದರು ಮ್ಯಾನೇಜರು ಬಾಗಿಲ ಬಳಿಯಿಂದ. “ಏನ್ ಮಾಡ್ತಿದೀರಾ? ಏನ್ ಸಾರ್ ಇದು, ಮತ್ತೆ ಅದೇ!”

ನಾನು ಹೆಡ್‌ಫೋನಿನ ಪಿನ್ನನ್ನು ಎಳೆದೆ. ಎಳೆದರೆ ಧ್ವನಿ ಕೋಣೆಯ ಸ್ಪೀಕರಿಗೆ ಹೋಗುತ್ತದೆ.

“ದಸರಾ ಆದ್ಮೇಲೆ ಮಷೀನ್ ಬರತ್ತಲ್ಲ, ಅವಾಗ ಎಲ್ರನ್ನೂ ಕಳಿಸಿದ್ರಾಯ್ತು.”

“ಅವ್ರಿಗೆ ಗೊತ್ತಾ ಸಾರ್?” ಇನ್ನೊಬ್ಬ.

“ಯಾರ್ ಹೇಳ್ತಾರೆ? ಅವ್ರಿಗೇನು ಕೇಳತ್ತಾ?” ಒಂದು ಸಣ್ಣ ನಗು.

ಮ್ಯಾನೇಜರು ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಬಾಯಿ ಮುಚ್ಚಿತ್ತು. ಅವರ ದನಿ ಅವರನ್ನು ಬಿಟ್ಟು ಗೋಡೆಯ ಮೂಲೆಯಿಂದ ಮಾತಾಡುತ್ತಿತ್ತು, ಅಕ್ಕನ ತುಟಿಯ ಕೊನೆಯಲ್ಲಿ ಅವರ ನಗು ಮೂಡಿ ಮಾಯವಾಯಿತು. ನಾನು ಆ ಕೋಣೆಯಲ್ಲಿ ಕಂಡ ಯಾವುದೂ ನನ್ನನ್ನು ಅಷ್ಟು ಹೆದರಿಸಿಲ್ಲ.

“ಅದು ಮಾತಲ್ಲ ಕಣ್ರೀ,” ಎಂದರು ಅವರು ಕೊನೆಗೆ. “ಅದು ಒಳಗಿನ ಲೈನು. ಸ್ಟೇಜ್ ಹಿಂದೆ ನಾವ್ ನಾವ್ ಮಾತಾಡ್ಕೊಳೋ ಲೈನು. ಅದನ್ನ ಯಾರು ಕೇಳಿಸ್ಕೋ ಅಂದ್ರು?”

ಸಭಾಂಗಣದಲ್ಲಿ ಧ್ವನಿ ನಿಯಂತ್ರಿಸುವ ಮೇಜಿನಲ್ಲಿ ಅಕ್ಕನ ವೈರನ್ನು ತಪ್ಪಿ ಆ ಒಳಗಿನ ಲೈನಿಗೆ ಸಿಕ್ಕಿಸಿದ್ದರು. ವೇದಿಕೆಯ ಮಾತೂ ಅದರಲ್ಲಿ ಬರುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಬೆಳಗ್ಗೆ ಚಾಟ್‌ನಲ್ಲಿ ಕಂಡ ಟೀ ಮಾತೂ ಅಲ್ಲಿಂದಲೇ ಅವಳ ಕೈಗೆ ಬಂದದ್ದು.

ಕ್ಯಾಮೆರಾ ಇನ್ನೂ ನಡೆಯುತ್ತಿತ್ತು. ಅಕ್ಕನ ಭುಜ ಮತ್ತೆ ಓರೆಯಾಯಿತು. ಅದು ಮಾತಲ್ಲ, ಒಳಗಿನ ಲೈನು, ಅದನ್ನ ಯಾರು ಕೇಳಿಸ್ಕೋ ಅಂದ್ರು. ಅದನ್ನೂ ಅವಳು ದಾಟಿಸಿದಳು. ಆಮೇಲೆ ಕೈಗಳನ್ನು ಸೊಂಟದ ಮುಂದೆ ತಂದು ನಿಲ್ಲಿಸಿದಳು. ಅಳುತ್ತಿದ್ದಳೆಂದು ಆಗ ಗೊತ್ತಾಯಿತು. ಈ ಸಲ ಅವಳಿಗೆ ಕೇಳಿಸಿತ್ತು.

ಸ್ಟುಡಿಯೊ ಮಾಲೀಕರು ಮ್ಯಾನೇಜರಿಗೆ ಕುರ್ಚಿ ಎಳೆದು ಹಾಕಿದರು. “ಕೂತ್ಕೊಳಿ ಸಾರ್. ಇದನ್ನ ಅಳಿಸೋಕೆ ನಂಗೆ ಬರಲ್ಲ,” ಎಂದರು. ಬರುತ್ತದೆ, ನನಗೆ ಕಲಿಸಿದ್ದೇ ಅವರು.

ಆ ವಿಡಿಯೊ ಕಂಪನಿಯ ಪುಟದಲ್ಲಿ ಬರಲೇ ಇಲ್ಲ. ನಮ್ಮಲ್ಲಿರುವ ಪ್ರತಿಯಲ್ಲಿ ಮಾತ್ರ ‘ಮೌನ’ ಎಂಬುದನ್ನು ತೆಗೆದು, ವೇದಿಕೆಯ ಹಿಂದಿನ ದನಿ ಎಂದು ಸೂಚಿಸಿ, ಕೇಳಿದ್ದನ್ನು ಹಾಗೇ ಬರೆದಿದ್ದೇನೆ. ಧ್ವನಿಯ ದಾಖಲೆ ಇದೆ ಎಂದು ತಿಳಿದ ಮೇಲೆ ಕಂಪನಿಯ ಮಾಲೀಕರು ಪ್ಯಾಕಿಂಗಿನವರನ್ನೆಲ್ಲ ಕೂರಿಸಿಕೊಂಡು ಮಾತಾಡಿದರು. ಆ ದಿನ ಅಕ್ಕ ಮಗಳಾಗಿ ತಂದೆಯ ಪಕ್ಕ ಕೂತಳು, ಸನ್ನೆಗೆ ಬಿ.ಟಿ.ಎಂ. ಲೇಔಟಿನ ಇನ್ನೊಬ್ಬರು ಬಂದರು. ಮಷೀನು ಬಂದೇ ಬಂತು. ಅರ್ಧದಷ್ಟು ಜನಕ್ಕೆ ಬೇರೆ ಕೆಲಸ ಸಿಕ್ಕಿತು, ಉಳಿದವರಿಗೆ ಇಲ್ಲ. ಅವಳ ತಂದೆ ಈಗ ಬೇಗೂರಿನ ಗೋಡೌನಿಗೆ ಎರಡು ಬಸ್ಸು ಬದಲಿಸಿ ಹೋಗುತ್ತಾರೆ.

ಅಕ್ಕನ ಮುಂದೆ ಈಗ ಟೀವಿ ಇದೆ, ಬೆಳಕು ಬೀಳದಂತೆ ಕೆಳಗಿಟ್ಟಿದ್ದೇನೆ. ಅವಳ ಕಿವಿಗೆ ಹೋಗುವ ಧ್ವನಿ ನನ್ನ ಒಂದು ಕಿವಿಗೂ ಬರುತ್ತದೆ. ಆದರೂ ಪ್ರತಿ ಸಮಾವೇಶದಲ್ಲೂ ಯಾರಾದರೊಬ್ಬರಿಗೆ ಮೌನಾಚರಣೆ ಇದ್ದೇ ಇರುತ್ತದೆ. ಜನ ಎದ್ದು ತಲೆ ತಗ್ಗಿಸುತ್ತಾರೆ. ಎರಡು ಕಿವಿಯಲ್ಲೂ ಏನೂ ಇರುವುದಿಲ್ಲ. ನಾನು ಪದ ಬರೆಯದೆ ಬಲ ಮೂಲೆಯ ಚೌಕವನ್ನು ನೋಡುತ್ತೇನೆ. ಅವಳೂ ತನ್ನ ಟೀವಿಯಲ್ಲಿ ಅದನ್ನೇ, ಸೊಂಟದ ಮುಂದೆ ಸೇರಿಸಿ ಹಿಡಿದ ತನ್ನ ಕೈಗಳನ್ನೇ ನೋಡುತ್ತಿರುತ್ತಾಳೆ.